ಬದಲಾವಣೆ ಪತ್ತೆ: ದಾಖಲೆ ಉಳಿಸುವ ಮುನ್ನ ಓಆರ್‌ಎಂ ಮಾಡುವ ಹೋಲಿಕೆ

ಡೇಟಾಬೇಸಿನಿಂದ ಓದಿ ತಂದ ದಾಖಲೆಯನ್ನು ಪ್ರೋಗ್ರಾಮು ಮೆಮೊರಿಯಲ್ಲಿ ತಿದ್ದುತ್ತದೆ. ಅದನ್ನು ಮರಳಿ ಬರೆಯುವ ಮುನ್ನ ಯಾವ ಅಂಶ ನಿಜಕ್ಕೂ ಬದಲಾಗಿದೆ ಎಂದು ಕಂಡುಹಿಡಿಯುವ ಕ್ರಮಕ್ಕೆ ಬದಲಾವಣೆ ಪತ್ತೆ ಎಂದು ಹೆಸರು. ಜಾವಾ, ಪೈಥಾನ್, ರೂಬಿ, ಪಿಎಚ್‌ಪಿಯಂಥ ಭಾಷೆಗಳಲ್ಲಿ ಮಾಹಿತಿ ಆಬ್ಜೆಕ್ಟುಗಳ ರೂಪದಲ್ಲಿರುತ್ತದೆ, ಡೇಟಾಬೇಸಿನಲ್ಲಿ ಸಾಲು-ಕಾಲಂಗಳ ಟೇಬಲ್ಲಿನಲ್ಲಿ. ಇವೆರಡರ ನಡುವೆ ದುಭಾಷಿಯ ಕೆಲಸ ಮಾಡುವ ತಂತ್ರಾಂಶವೇ ಆಬ್ಜೆಕ್ಟ್-ರಿಲೇಶನಲ್ ಮ್ಯಾಪರ್, ಬಾಯಿಮಾತಿನಲ್ಲಿ ಓಆರ್‌ಎಂ. ಸೇವ್ ಎಂದು ಹೇಳಿದೊಡನೆ ಅದು ಸಾಲನ್ನೆಲ್ಲ ಹೊಸದಾಗಿ ಬರೆಯಬೇಕೆ, ತಿದ್ದಿದ ಕಾಲಮ್ಮನ್ನು ಮಾತ್ರ ಬರೆಯಬೇಕೆ, ಏನೂ ತಿದ್ದದಿದ್ದರೆ ಸುಮ್ಮನಿರಬೇಕೆ ಎಂಬ ತೀರ್ಮಾನವೆಲ್ಲ ಈ ಪತ್ತೆಯ ಮೇಲೆ ನಿಂತಿದೆ.

ತಿದ್ದಿದ ಆದರೆ ಇನ್ನೂ ಉಳಿಸದ ಆಬ್ಜೆಕ್ಟನ್ನು ಪ್ರೋಗ್ರಾಮರುಗಳು ‘ಡರ್ಟಿ’ ಎನ್ನುತ್ತಾರೆ. ಡಿಸ್ಕಿಗೆ ಇನ್ನೂ ಇಳಿಯದ ಮೆಮೊರಿ ಪುಟವನ್ನು ಆಪರೇಟಿಂಗ್ ಸಿಸ್ಟಮ್ಮಿನವರು ಕರೆಯುವ ಹೆಸರೂ ಅದೇ. ಕನ್ನಡದಲ್ಲಿ ಪಾಠ ಹೇಳುವವರಿಗೆ ‘ಮೈಲಿಗೆ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಆದರೆ ಆ ಪದ ಹೊತ್ತಿರುವ ಭಾರವನ್ನು ಒಂದು ಫೋನ್ ನಂಬರಿನ ತಿದ್ದುಪಡಿಯ ಮೇಲೆ ಹೇರುವುದು ಸರಿಯಲ್ಲ. ಈ ಲೇಖನದಲ್ಲಿ ‘ತಿದ್ದಿದ ಆಬ್ಜೆಕ್ಟ್’ ಎಂದೇ ಬಳಸಿದೆ.

ಪಹಣಿಯಲ್ಲಿ ಮೊದಲೇ ಇದ್ದ ಉತ್ತರ

ಕಂಪ್ಯೂಟರ್ ಬರುವ ಮೊದಲೇ ಈ ಸಮಸ್ಯೆಯನ್ನು ಬಿಡಿಸಿಕೊಂಡಿದ್ದ ಕಚೇರಿಯೆಂದರೆ ಕಂದಾಯ ಇಲಾಖೆ. ಹರಿಹರ ತಾಲ್ಲೂಕಿನ ಯಾವ ರೈತರನ್ನು ಕೇಳಿದರೂ ಪಹಣಿ ಬೇರೆ, ಮ್ಯುಟೇಶನ್ ಬೇರೆ ಎಂಬುದು ಗೊತ್ತು. ಪಹಣಿಯ 9ನೆಯ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ. ಆ ಹೆಸರು ಅಲ್ಲಿಗೆ ಹೇಗೆ ಬಂತು, ಕ್ರಯದಿಂದಲೋ ವಿಭಾಗದಿಂದಲೋ ಪೌತಿಯಿಂದಲೋ ಎಂಬುದು 10ನೆಯದರಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರಿನ ಸಮೇತ ಇರುತ್ತದೆ. ಸಾಲ, ಋಣ, ಇತರ ಹಕ್ಕುಗಳು 11ನೆಯದಕ್ಕೆ ಸೇರಿದವು. ಹೆಸರು ಬದಲಾಯಿಸಲು ಯಾರೂ ನೇರವಾಗಿ 9ನೆಯ ಕಾಲಮ್ಮನ್ನು ಅಳಿಸಿ ಬರೆಯುವಂತಿಲ್ಲ. ಮೊದಲು ಮ್ಯುಟೇಶನ್ ರಿಜಿಸ್ಟರಿನಲ್ಲಿ ಹಳೆಯದು ಏನಿತ್ತು, ಹೊಸದು ಏನಾಗಬೇಕು ಎಂದು ದಾಖಲಾಗಬೇಕು, ನೋಟಿಸು ಹೊರಡಬೇಕು, ತಕರಾರಿದ್ದರೆ ಕೇಳಬೇಕು. ಆಮೇಲೆ ಕಂದಾಯ ನಿರೀಕ್ಷಕರು ದೃಢೀಕರಿಸಿದರೆ ಮಾತ್ರ ಪಹಣಿಗೆ ಬದಲಾವಣೆ ಏರುತ್ತದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128 ಮತ್ತು 129ನೆಯ ಕಲಮುಗಳು ಹೇಳುವುದು ಈ ಕ್ರಮವನ್ನೇ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗಲೂ ಈ ಎರಡು ಹಂತದ ವ್ಯವಸ್ಥೆ ಅಳಿಯಲಿಲ್ಲ. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು, ತಿದ್ದುವ ನೌಕರನ ಬೆರಳಚ್ಚು ಲಾಗಿನ್ನಿಗೆ ಕಡ್ಡಾಯವಾಯಿತು, ಅರ್ಜಿಗಳನ್ನು ಬಂದ ಸರತಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮ ತಂತ್ರಾಂಶದೊಳಗೇ ಸೇರಿತು. ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ ಕ್ರಯಪತ್ರ ನೋಂದಾಯಿತವಾದರೆ ಅಲ್ಲಿಂದ ಜೆ ಸ್ಲಿಪ್ ಎಂಬ ಸೂಚನೆ ‘ಭೂಮಿ’ಗೆ ಹೋಗಿ ಮ್ಯುಟೇಶನ್ ಪ್ರಕರಣ ತೆರೆಯುತ್ತದೆ. ‘ಭೂಮಿ’ಯ ಒಳಗೆ ಯಾವ ತಂತ್ರ ಕೆಲಸ ಮಾಡುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ. ಸದ್ಯದ ಸ್ಥಿತಿ ಒಂದು ಕಡೆ, ಅದು ಹೇಗೆ ಬದಲಾಯಿತು ಎಂಬ ಲೆಕ್ಕ ಇನ್ನೊಂದು ಕಡೆ ಎಂಬ ವಿಂಗಡಣೆಯನ್ನು ನೋಡಬೇಕು. ಓಆರ್‌ಎಂ ಬಳಸುವ ಬಹುಪಾಲು ಪ್ರೋಗ್ರಾಮುಗಳು ಪಹಣಿಯನ್ನಷ್ಟೇ ಇಟ್ಟುಕೊಂಡು ಮ್ಯುಟೇಶನ್ ರಿಜಿಸ್ಟರನ್ನು ಮರೆತಿವೆ. ಹಾಗಾಗಿ ಸೇವ್ ಮಾಡುವ ಕ್ಷಣದಲ್ಲಿ ಆ ರಿಜಿಸ್ಟರನ್ನು ಊಹೆಯಿಂದ ಮರುಸೃಷ್ಟಿಸಬೇಕಾಗುತ್ತದೆ.

ಪತ್ತೆಯ ದಾರಿಗಳು

ಅತಿ ಹಳೆಯದೂ ಹೆಚ್ಚು ಬಳಕೆಯಲ್ಲಿರುವುದೂ ಪ್ರತಿ ಇಟ್ಟುಕೊಳ್ಳುವ ದಾರಿ. ಸಾಲನ್ನು ಓದಿದಾಗಲೇ ಓಆರ್‌ಎಂ ಅದರ ನಕಲೊಂದನ್ನು ಬದಿಗಿಡುತ್ತದೆ. ಸೇವ್ ಹೊತ್ತಿಗೆ ಆಬ್ಜೆಕ್ಟಿನ ಒಂದೊಂದು ಗುಣವನ್ನೂ ನಕಲಿನೊಡನೆ ಹೋಲಿಸಿ, ವ್ಯತ್ಯಾಸ ಕಂಡರೆ ಅಪ್‌ಡೇಟ್ ಆದೇಶ ಸಿದ್ಧಮಾಡುತ್ತದೆ. ಜಾವಾ ಲೋಕದ ಹೈಬರ್ನೇಟ್, ಮೈಕ್ರೋಸಾಫ್ಟಿನ ಎಂಟಿಟಿ ಫ್ರೇಮ್‌ವರ್ಕ್ ಕೋರ್, ಪಿಎಚ್‌ಪಿಯ ಡಾಕ್ಟ್ರಿನ್ ಇವೆಲ್ಲ ಬೇರೇನೂ ಹೇಳದಿದ್ದರೆ ಹೀಗೆಯೇ ನಡೆಯುತ್ತವೆ. ಪ್ರೋಗ್ರಾಮರು ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಬೆಲೆ ಎಂದರೆ ಮೆಮೊರಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಪ್ಪತ್ತು ಕಾಲಮ್ಮಿನ 10,000 ಆಬ್ಜೆಕ್ಟುಗಳು ಕೂತಿದ್ದರೆ, ಅವುಗಳಲ್ಲಿ ಒಂದನ್ನೇ ತಿದ್ದಿದ್ದರೂ, 2 ಲಕ್ಷ ಹೋಲಿಕೆಗಳು ನಡೆಯುತ್ತವೆ. ಹೈಬರ್ನೇಟ್ ಕೆಲವು ಪ್ರಶ್ನೆಗಳನ್ನು ಡೇಟಾಬೇಸಿಗೆ ಕಳಿಸುವ ಮುನ್ನವೂ ಈ ಹೋಲಿಕೆ ನಡೆಸುವುದರಿಂದ, ಲೂಪಿನೊಳಗೆ ಪ್ರಶ್ನೆ ಕೇಳುವ ಪ್ರೋಗ್ರಾಮು ರಾತ್ರಿಯ ಬ್ಯಾಚ್ ಕೆಲಸವನ್ನು ಬೆಳಗಿನವರೆಗೆ ಎಳೆದುಬಿಡಬಲ್ಲದು. ಕೆಲಸ ಮುಗಿದ ಆಬ್ಜೆಕ್ಟುಗಳನ್ನು ಆಗಾಗ ಮೆಮೊರಿಯಿಂದ ಬಿಡುತ್ತ ಹೋಗುವುದು, ಓದಲಷ್ಟೇ ತಂದದ್ದನ್ನು ಓದುವುದಕ್ಕೆ ಮಾತ್ರ ಎಂದು ಮೊದಲೇ ಸಾರುವುದು ಇದಕ್ಕೆ ರೂಢಿಯ ಪರಿಹಾರ.

ಎರಡನೆಯದು ಬರೆಯುವ ಕೈಯನ್ನೇ ಕಾಯುವ ದಾರಿ. ಗುಣಕ್ಕೆ ಹೊಸ ಮೌಲ್ಯ ಕೊಡುವ ಪ್ರತಿ ಸಲವೂ ಅಲ್ಲೊಬ್ಬ ಗುಮಾಸ್ತ ಕೂತು ‘ಫೋನ್ ಬದಲಾಯಿತು’ ಎಂದು ಗುರುತು ಹಾಕಿಕೊಳ್ಳುತ್ತಾನೆ. ಪೈಥಾನಿನ ಎಸ್‌ಕ್ಯೂಎಲ್ಆಲ್ಕೆಮಿ ಪ್ರತಿ ಗುಣಕ್ಕೂ ಇಂಥ ಕಾವಲು ಹಾಕಿರುತ್ತದೆ. ಜಾವಾದ ಜೆಡಿಒ ಮಾನಕದಲ್ಲಿ ಕಂಪೈಲಾದ ಕೋಡಿನೊಳಗೇ ಕಾವಲನ್ನು ಹೊಲಿದುಬಿಡುತ್ತಿದ್ದರು. ಹೈಬರ್ನೇಟ್ ಮತ್ತು ಎಕ್ಲಿಪ್ಸ್‌ಲಿಂಕ್‌ನಲ್ಲೂ ಬೇಕಾದವರಿಗೆ ಆ ಸೌಲಭ್ಯವಿದೆ. ಹೋಲಿಕೆಯ ಖರ್ಚು ಉಳಿಯುತ್ತದೆ. ಆದರೆ ಗುಮಾಸ್ತನ ಕಣ್ಣು ತಪ್ಪಿಸಿ ಒಳಬಾಗಿಲಿನಿಂದ ನಡೆದ ತಿದ್ದುಪಡಿ ಲೆಕ್ಕಕ್ಕೆ ಸಿಗುವುದಿಲ್ಲ.

ರೂಬಿ ಆನ್ ರೈಲ್ಸ್ 2008ರ 2.1ನೆಯ ಆವೃತ್ತಿಯಿಂದ ತಿದ್ದಿದ ಕಾಲಮ್ಮುಗಳನ್ನಷ್ಟೇ ಬರೆಯುವುದನ್ನು ಕಲಿಯಿತು. ಪಿಎಚ್‌ಪಿಯ ಲಾರವೆಲ್‌ನಲ್ಲಿ ‘ಈಸ್‌ಡರ್ಟಿ’ ಎಂದು ಕೇಳಿದರೆ ಹೌದು-ಅಲ್ಲ ಎನ್ನುತ್ತದೆ, ‘ಗೆಟ್‌ಒರಿಜಿನಲ್’ ಎಂದರೆ ಹಳೆಯ ಮೌಲ್ಯವನ್ನೇ ಕೊಡುತ್ತದೆ. ಪೈಥಾನಿನ ಜಾಂಗೋ ಮಾತ್ರ ಹಟಮಾರಿ. ಅದರಲ್ಲಿ ಹುಟ್ಟಿನಿಂದ ಬಂದ ಬದಲಾವಣೆ ಪತ್ತೆ ಎಂಬುದೇ ಇಲ್ಲ. ಸೇವ್ ಎಂದರೆ ಎಲ್ಲ ಕಾಲಮ್ಮುಗಳನ್ನೂ ಬರೆಯುತ್ತದೆ, ಬೇಡವೆಂದರೆ 1.5ನೆಯ ಆವೃತ್ತಿಯಿಂದ ಬಂದ ‘ಅಪ್‌ಡೇಟ್ ಫೀಲ್ಡ್ಸ್’ ಪಟ್ಟಿಯನ್ನು ಪ್ರೋಗ್ರಾಮರೇ ಬರೆದುಕೊಡಬೇಕು. ಇದನ್ನು ಕೊರತೆ ಎನ್ನುವವರಿದ್ದಾರೆ. ಮುಚ್ಚುಮರೆಯಿಲ್ಲದ ನಡೆ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಹೈಬರ್ನೇಟಿನ ಸಂಗತಿ ಇನ್ನೊಂದು ಬಗೆ: ಯಾವ ಕಾಲಂ ಬದಲಾಯಿತು ಎಂದು ಅದಕ್ಕೆ ಚೆನ್ನಾಗಿ ಗೊತ್ತಿರುತ್ತದೆ, ಆದರೂ ಬೇರೆ ಹೇಳದಿದ್ದರೆ ಎಲ್ಲ ಕಾಲಮ್ಮುಗಳನ್ನೂ ಬರೆಯುತ್ತದೆ. ಆದೇಶದ ರೂಪ ಪ್ರತಿ ಸಲ ಒಂದೇ ಆಗಿದ್ದರೆ ಡೇಟಾಬೇಸು ಅದನ್ನು ಮತ್ತೆ ಮತ್ತೆ ಹೊಸದಾಗಿ ಅರ್ಥಮಾಡಿಕೊಳ್ಳಬೇಕಿಲ್ಲ ಎಂಬುದು ಅದರ ಲೆಕ್ಕಾಚಾರ.

ಒಂದು ದಾಖಲೆ, ಹತ್ತಿರದಿಂದ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಳ್ಳುವ ದಲಾಲಿ ಮಂಡಿಯೊಂದಕ್ಕೆ ತಂತ್ರಾಂಶ ಬರೆದಿದ್ದೇವೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಹರಿಹರ ತಾಲ್ಲೂಕಿನ ಕೊಂಡಜ್ಜಿಯ ರೈತರೊಬ್ಬರ ಸಾಲು ಇದೆ: ಹೆಸರು, ಊರು, ಫೋನ್, ಬ್ಯಾಂಕ್ ಖಾತೆ, ಹಿಡುವಳಿಯ ಎಕರೆ, ಗುಂಟೆ, ಕಳೆದ ಸಲ ತಂದ ಮಾಲಿನ ತೂಕ, ಬೆಳೆಗಳ ಪಟ್ಟಿ, ಕೊನೆಗೆ ತಿದ್ದಿದ ಸಮಯ. ಗುಮಾಸ್ತ ಪರದೆಯನ್ನು ತೆರೆದು, ಏನನ್ನೂ ಮುಟ್ಟದೆ ಸೇವ್ ಒತ್ತುತ್ತಾನೆ. ಏನೂ ಬದಲಾಗಿಲ್ಲ ತಾನೆ? ಹಾಗೆಂದು ಖಚಿತವಾಗಿ ಹೇಳುವುದು ಕಷ್ಟ.

ಫೋನ್ ಕಾಲಂ ಡೇಟಾಬೇಸಿನಲ್ಲಿ ಖಾಲಿ, ಅಂದರೆ ‘ನಲ್’ ಆಗಿತ್ತು. ವೆಬ್ ಫಾರಮ್ಮು ಅದನ್ನು ಅಕ್ಷರಗಳಿಲ್ಲದ ಪದ ಎಂದು ಹಿಂದಿರುಗಿಸಿತು. ಮನುಷ್ಯನಿಗೆ ಎರಡೂ ಖಾಲಿ, ಪ್ರೋಗ್ರಾಮಿಗೆ ಎರಡೂ ಬೇರೆ. ತೂಕ 42.50 ಕ್ವಿಂಟಲ್ ಇತ್ತು, ಫಾರಮ್ಮಿನಿಂದ 42.5 ಬಂತು. ಜಾವಾದ ಬಿಗ್‌ಡೆಸಿಮಲ್‌ನಲ್ಲಿ ‘ಈಕ್ವಲ್ಸ್’ ಎಂದು ಕೇಳಿದರೆ ಇವೆರಡು ಸಮವಲ್ಲ, ‘ಕಂಪೇರ್‌ಟು’ ಎಂದು ಕೇಳಿದರೆ ಸಮ. ಕೊನೆಗೆ ತಿದ್ದಿದ ಸಮಯ ಡೇಟಾಬೇಸಿನಲ್ಲಿ ಸೆಕೆಂಡಿನವರೆಗೆ ಮಾತ್ರ ಉಳಿದಿದೆ, ಮೆಮೊರಿಯಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದವರೆಗೂ ಇದೆ. ಇವೂ ಹೊಂದುವುದಿಲ್ಲ. ಲೇತ್ ಮೇಲೆ ಕೆಲಸ ಮಾಡಿದವರಿಗೆ ಇದು ಹೊಸ ವಿಷಯವೇನಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನಂಥ ಕಾರ್ಖಾನೆಗಳಲ್ಲಿ ಅಳತೆಯ ಪಕ್ಕದಲ್ಲಿ ಟಾಲರೆನ್ಸ್ ಬರೆಯದ ನಕ್ಷೆಯನ್ನು ಯಾರೂ ಯಂತ್ರಕ್ಕೆ ಕೊಡುತ್ತಿರಲಿಲ್ಲ. ಎಷ್ಟರವರೆಗೆ ಸಮ ಎಂದು ಮೊದಲೇ ಹೇಳದಿದ್ದರೆ ಸಮವೇ ಎಂದು ಕೇಳುವಂತಿಲ್ಲ.

ಊರಿನ ಹೆಸರಿಗೆ ಬಂದರೆ ಕನ್ನಡದ್ದೇ ಆದ ತೊಡಕೊಂದು ಎದುರಾಗುತ್ತದೆ. ‘ಕೊಂಡಜ್ಜಿ’ಯ ಮೊದಲ ಅಕ್ಷರದಲ್ಲಿರುವ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಸಂಕೇತದ ಮುಂದೆ ದೀರ್ಘದ ಕೊಂಬಿನ ಸಂಕೇತವಿಟ್ಟು ಎರಡಾಗಿಯೂ ಬರೆಯಬಹುದು. ಓತ್ವವನ್ನಂತೂ ಮೂರು ಸಂಕೇತಗಳಾಗಿ ಒಡೆಯಬಹುದು. ಏತ್ವ, ಐತ್ವ, ಗುಡಿಸಿನ ದೀರ್ಘಗಳದ್ದೂ ಇದೇ ಕತೆ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿರುವುದಿಲ್ಲ, ಬೈಟುಗಳು ಮಾತ್ರ ಬೇರೆ. ಯೂನಿಕೋಡ್ ಮಾನಕ ಇವೆರಡನ್ನೂ ಸಮಾನ ಎಂದೇ ಸಾರಿದೆ, ಒಂದೇ ರೂಪಕ್ಕೆ ತರಲು ಎನ್‌ಎಫ್‌ಸಿ ಎಂಬ ಕ್ರಮವನ್ನೂ ಕೊಟ್ಟಿದೆ. ಆದರೆ ಓಆರ್‌ಎಂ ತಾನಾಗಿ ಅದನ್ನು ಅನ್ವಯಿಸುವುದಿಲ್ಲ. ಬೈಟಿಗೆ ಬೈಟು ಹೋಲಿಸಿ ‘ಊರು ಬದಲಾಗಿದೆ’ ಎಂದುಬಿಡುತ್ತದೆ.

ಎನ್‌ಎಫ್‌ಸಿ ಮಾಡಿದರೂ ಬಿಡದ ಇನ್ನೊಂದು ಕಾಟವಿದೆ. ‘ಕುಮಾರ್’ ಎಂದು ಹೆಸರು ಮುಗಿದಾಗ ಕೊನೆಯ ಅರ್ಧಾಕ್ಷರದ ಬೆನ್ನಿಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಶೂನ್ಯಅಗಲದ ಬೇರ್ಪಡಿಕೆ ಸಂಕೇತವೊಂದನ್ನು ಅಂಟಿಸುತ್ತವೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರ-ಕಕಾರಗಳು ಒತ್ತಕ್ಷರವಾಗದಂತೆ ನಡುವೆ ನಿಲ್ಲುವುದು ಇದೇ ಸಂಕೇತ. ಅಲ್ಲಿ ಅದಕ್ಕೆ ಕೆಲಸವಿದೆ, ಹೆಸರಿನ ತುದಿಯಲ್ಲಿ ಏನೂ ಇಲ್ಲ. ಹಾಗಾಗಿ ಎಲ್ಲ ಕಡೆ ಕಿತ್ತುಹಾಕಿದರೆ ಹೆಸರು ಕೆಡುತ್ತದೆ, ಎಲ್ಲ ಕಡೆ ಬಿಟ್ಟರೆ ಹೋಲಿಕೆ ಕೆಡುತ್ತದೆ. ತುದಿಯಲ್ಲಿದ್ದರೆ ಮಾತ್ರ ತೆಗೆಯುವುದು ಸರಿಯಾದ ದಾರಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿದ್ದ ಬರಹವನ್ನು ಯೂನಿಕೋಡಿಗೆ ತಂದ ದಿನವಂತೂ ಒಂದು ಪದದ ಅರ್ಥವೂ ಬದಲಾಗದೆ ಇಡೀ ಟೇಬಲ್ಲೇ ತಿದ್ದಿದ ಪಟ್ಟಿಗೆ ಸೇರುತ್ತದೆ.

ಹಿಡುವಳಿಯ ಕಾಲಮ್ಮುಗಳಲ್ಲಿ ಇನ್ನೂ ನಾಜೂಕಿನ ಪ್ರಶ್ನೆ. 40 ಗುಂಟೆಗೆ ಒಂದು ಎಕರೆ. ಒಂದು ಕಡೆ ‘1 ಎಕರೆ 0 ಗುಂಟೆ’ ಎಂದಿದೆ, ಇನ್ನೊಂದು ಕಡೆ ‘0 ಎಕರೆ 40 ಗುಂಟೆ’ ಎಂದಿದೆ. ಕಾಲಂ ಕಾಲಮ್ಮಾಗಿ ನೋಡಿದರೆ ಎರಡೂ ಬದಲಾಗಿವೆ, ಜಮೀನು ಮಾತ್ರ ಒಂದು ಅಂಗುಲವೂ ಹೆಚ್ಚಿಲ್ಲ, ಕಡಿಮೆಯಾಗಿಲ್ಲ. ಇಲ್ಲಿ ಹೋಲಿಸಬೇಕಾದದ್ದು ಕಾಲಮ್ಮುಗಳನ್ನಲ್ಲ, ಎರಡನ್ನೂ ಕೂಡಿಸಿದ ವಿಸ್ತೀರ್ಣವೆಂಬ ಒಂದೇ ಮೌಲ್ಯವನ್ನು.

ಇವೆಲ್ಲ ಇಲ್ಲದ ಬದಲಾವಣೆಯನ್ನು ಇದೆ ಎನ್ನುವ ತಪ್ಪುಗಳು. ಇದ್ದ ಬದಲಾವಣೆಯನ್ನು ಇಲ್ಲ ಎನ್ನುವವು ಇನ್ನೂ ಕೆಟ್ಟವು, ಏಕೆಂದರೆ ಅಲ್ಲಿ ಮಾಹಿತಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಬೆಳೆಗಳ ಪಟ್ಟಿಗೆ ‘ಭತ್ತ’ ಎಂದು ಸೇರಿಸಿದಾಗ ಪಟ್ಟಿ ಅದೇ ಪಟ್ಟಿ, ಒಳಗಿನ ಸರಕು ಮಾತ್ರ ಹೆಚ್ಚಾಯಿತು. ಹೊಸ ಪಟ್ಟಿಯನ್ನು ಯಾರೂ ಕೊಟ್ಟಿಲ್ಲವಾದ್ದರಿಂದ ಬಾಗಿಲಲ್ಲಿ ಕೂತ ಗುಮಾಸ್ತನಿಗೆ ಏನೂ ತಿಳಿಯಲಿಲ್ಲ. ಎಸ್‌ಕ್ಯೂಎಲ್ಆಲ್ಕೆಮಿಯಲ್ಲಿ ಜೇಸನ್ ಕಾಲಮ್ಮುಗಳಿಗೆ ‘ಮ್ಯುಟಬಲ್’ ಎಂಬ ವಿಸ್ತರಣೆ ಬೇಕಾದದ್ದು ಇದಕ್ಕಾಗಿಯೇ. ರೈಲ್ಸ್‌ನಲ್ಲಿ 4.2ನೆಯ ಆವೃತ್ತಿಯವರೆಗೆ ಪ್ರೋಗ್ರಾಮರೇ ‘ಇದು ಬದಲಾಗಲಿದೆ’ ಎಂದು ಮುನ್ಸೂಚನೆ ಕೊಡಬೇಕಿತ್ತು. ಡಾಕ್ಟ್ರಿನ್‌ನಲ್ಲಿ ದಿನಾಂಕದ ಆಬ್ಜೆಕ್ಟನ್ನು ಇದ್ದಲ್ಲೇ ತಿದ್ದಿದರೆ ಈಗಲೂ ಗುರುತಾಗುವುದಿಲ್ಲ, ಹೊಸ ಆಬ್ಜೆಕ್ಟನ್ನೇ ಕೊಡಬೇಕು.

ಪ್ರತಿ ಇಡುವ ದಾರಿಯಲ್ಲಿಯೂ ಇದೇ ಹಳ್ಳವಿದೆ, ಬೀಳುವ ಬಗೆ ಬೇರೆ. ಕೈಯಾರೆ ಬದಲಾವಣೆ ಪತ್ತೆ ಬರೆದುಕೊಳ್ಳುವವರು ಮೊದಲ ಸಲ ಎಡವುವುದು ಇಲ್ಲಿಯೇ. ಹಳೆಯ ಪ್ರತಿ ಎಂದು ಇಟ್ಟುಕೊಂಡದ್ದು ಪಟ್ಟಿಯ ನಕಲಲ್ಲ, ಅದೇ ಪಟ್ಟಿಯ ವಿಳಾಸ. ತಿದ್ದಿದಾಗ ಹೊಸದರ ಜೊತೆಗೆ ಹಳೆಯದೂ ತಿದ್ದಿಹೋಗಿರುತ್ತದೆ. ಮ್ಯುಟೇಶನ್ ರಿಜಿಸ್ಟರಿನಲ್ಲಿ ಹಳೆಯ ಮಾಲೀಕರ ಹೆಸರಿನ ಬದಲು ‘ಪಹಣಿ ನೋಡಿ’ ಎಂದು ಬರೆದಂತೆ. ನೋಡಿದವರಿಗೆ ಅಲ್ಲಿ ಕಾಣುವುದು ಹೊಸ ಮಾಲೀಕರೇ.

ಯಾವುದಕ್ಕೆ ಹೋಲಿಸುವುದು

ಬದಲಾಯಿತೇ ಎಂದು ಕೇಳುವ ಮೊದಲು ಯಾವುದಕ್ಕೆ ಹೋಲಿಸಿದರೆ ಎಂದು ಕೇಳಬೇಕು. ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನಿತ್ಯದ ಕೆಲಸದಲ್ಲಿ ಕಾಡುವುದು ಇದೇ.

ಮಂಡಿಯ ಗುಮಾಸ್ತ ಬೆಳಿಗ್ಗೆ 10 ಗಂಟೆಗೆ ರೈತರ ಪುಟ ತೆರೆದ. ಪರದೆಯ ಮೇಲೆ ಹಳೆಯ ಫೋನ್ ನಂಬರು, ಹಳೆಯ ಬ್ಯಾಂಕ್ ಖಾತೆ ಇವೆ. ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದ. 10 ಗಂಟೆ 10 ನಿಮಿಷಕ್ಕೆ ಇನ್ನೊಂದು ಮೇಜಿನವನು ಅದೇ ರೈತರ ಫೋನ್ ನಂಬರನ್ನು ಸರಿಪಡಿಸಿ ಉಳಿಸಿದ. 10 ಗಂಟೆ 20 ನಿಮಿಷಕ್ಕೆ ಮೊದಲಿನವನು ಮರಳಿ ಬಂದು ಬ್ಯಾಂಕ್ ಖಾತೆಯನ್ನಷ್ಟೇ ತಿದ್ದಿ ಸೇವ್ ಒತ್ತಿದ. ವೆಬ್ ಸರ್ವರಿನಲ್ಲಿ 10 ಗಂಟೆಯ ಪ್ರತಿ ಎಂದೋ ಕಳೆದುಹೋಗಿದೆ. ಅದು ಸಾಲನ್ನು ಹೊಸದಾಗಿ ಓದಿ, ಫಾರಮ್ಮಿನಿಂದ ಬಂದದ್ದನ್ನು ಅದರ ಮೇಲೆ ಹಚ್ಚಿ ಹೋಲಿಸುತ್ತದೆ. ಹೋಲಿಕೆಗೆ ಎರಡು ವ್ಯತ್ಯಾಸಗಳು ಸಿಗುತ್ತವೆ: ಬ್ಯಾಂಕ್ ಖಾತೆ, ಮತ್ತು ಫೋನ್. ಸರಿಯಾದ ನಂಬರು ಹೋಗಿ ಹಳೆಯದು ಮತ್ತೆ ಬಂದು ಕೂರುತ್ತದೆ. ಓಆರ್‌ಎಂ ಒಂದಿಷ್ಟೂ ತಪ್ಪು ಲೆಕ್ಕ ಮಾಡಿಲ್ಲ. ಗುಮಾಸ್ತ ನೋಡಿದ್ದಕ್ಕೆ ಹೋಲಿಸಬೇಕಾದ ಕಡೆ ಈಗ ಇರುವುದಕ್ಕೆ ಹೋಲಿಸಿತು, ಅಷ್ಟೆ.

ತಿದ್ದಿದ ಕಾಲಮ್ಮುಗಳನ್ನು ಮಾತ್ರ ಬರೆದರೆ ಇಂಥ ಡಿಕ್ಕಿ ಕಡಿಮೆಯಾಗುತ್ತದೆ ಎಂಬ ನಂಬಿಕೆ ಇದೆ. ಇಬ್ಬರೂ ಒಟ್ಟಿಗೆ ಓದಿ, ಒಬ್ಬನು ಫೋನ್, ಒಬ್ಬನು ಖಾತೆ ತಿದ್ದಿದಾಗ, ಸರ್ವರಿಗೆ ಅವರವರ ಹಳೆಯ ಪ್ರತಿ ನೆನಪಿದ್ದರೆ, ಇದು ನಿಜ. ಆದರೆ ಹಿಡುವಳಿ 1 ಎಕರೆ 10 ಗುಂಟೆ ಇದ್ದಾಗ ಒಬ್ಬನು ಎಕರೆಯನ್ನು 2 ಮಾಡಿ, ಇನ್ನೊಬ್ಬನು ಗುಂಟೆಯನ್ನು 30 ಮಾಡಿದ ಎನ್ನಿ. ಒಬ್ಬನ ಕಣ್ಣಲ್ಲಿ ಜಮೀನು 2 ಎಕರೆ 10 ಗುಂಟೆ, ಇನ್ನೊಬ್ಬನ ಕಣ್ಣಲ್ಲಿ 1 ಎಕರೆ 30 ಗುಂಟೆ. ಡೇಟಾಬೇಸಿನಲ್ಲಿ ಉಳಿಯುವುದು 2 ಎಕರೆ 30 ಗುಂಟೆ, ಇಬ್ಬರಲ್ಲಿ ಯಾರೂ ಬರೆಯದ ಅಂಕಿ. ಇಡೀ ಸಾಲು ಬರೆದಿದ್ದರೆ ಒಬ್ಬನ ಮಾತಾದರೂ ಉಳಿಯುತ್ತಿತ್ತು.

ಇದಕ್ಕೆ ರೂಢಿಯಲ್ಲಿರುವ ಮದ್ದು ಆವೃತ್ತಿ ಕಾಲಂ. ಪ್ರತಿ ಸಾಲಿಗೂ ಒಂದು ಸಂಖ್ಯೆ, ಪ್ರತಿ ತಿದ್ದುಪಡಿಗೂ ಅದು ಒಂದು ಹೆಚ್ಚು. ಅಪ್‌ಡೇಟ್ ಆದೇಶ ‘ಆವೃತ್ತಿ 7 ಆಗಿದ್ದರೆ ಮಾತ್ರ ಬರೆ, ಬರೆದು 8 ಮಾಡು’ ಎನ್ನುತ್ತದೆ. ನಡುವೆ ಯಾರಾದರೂ ತಿದ್ದಿದ್ದರೆ 7 ಸಿಗುವುದಿಲ್ಲ, ತಾಗಿದ ಸಾಲುಗಳು ಸೊನ್ನೆ ಎಂದು ಬರುತ್ತದೆ, ಓಆರ್‌ಎಂ ದೂರು ಹೇಳುತ್ತದೆ. ಯಂತ್ರದ ನಕ್ಷೆಯ ಮೂಲೆಯಲ್ಲಿ ರಿವಿಜನ್ ಅಕ್ಷರ ನೋಡಿಯೇ ಲೋಹಕ್ಕೆ ಕೈ ಹಚ್ಚುವ ಪದ್ಧತಿ ಇದೇ. ಆ ಸಂಖ್ಯೆ ಫಾರಮ್ಮಿನ ಜೊತೆಗೇ ಪರದೆಗೆ ಹೋಗಿ ಮರಳಿ ಬರಬೇಕು. ಸರ್ವರು ಹೊಸದಾಗಿ ಓದಿಕೊಂಡ ಸಂಖ್ಯೆಯನ್ನೇ ಹೋಲಿಸಿದರೆ ಎಂದಿಗೂ ಡಿಕ್ಕಿಯೇ ಆಗುವುದಿಲ್ಲ, ಮದ್ದು ಹೆಸರಿಗಷ್ಟೇ ಇರುತ್ತದೆ. ಸೊನ್ನೆ ಎಂಬ ಉತ್ತರಕ್ಕೂ ಒಂದು ಎಚ್ಚರಿಕೆ ಬೇಕು. ಇದ್ದ ಮೌಲ್ಯವನ್ನೇ ಮತ್ತೆ ಬರೆದರೆ ಮೈಎಸ್‌ಕ್ಯೂಎಲ್ ತಾನು ಯಾವ ಸಾಲನ್ನೂ ಬದಲಿಸಲಿಲ್ಲ ಎಂದು ಸೊನ್ನೆ ಹೇಳುವುದುಂಟು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಅದೇ ಮೌಲ್ಯವಾದರೂ ಸಾಲಿನ ಹೊಸ ಪ್ರತಿಯನ್ನೇ ಬರೆದು 1 ಎನ್ನುತ್ತದೆ. ಸುಮ್ಮಸುಮ್ಮನೆ ಸೇವ್ ಮಾಡುವ ಪ್ರೋಗ್ರಾಮಿನಿಂದ ಅಲ್ಲಿ ಹಳೆಯ ಪ್ರತಿಗಳ ರಾಶಿ ಬೆಳೆಯುತ್ತದೆ. ಹಾಗಾಗದಂತೆ ತಡೆಯುವ ಸಿದ್ಧ ಟ್ರಿಗರೂ ಅದರಲ್ಲಿದೆ.

ಹಿನ್ನೆಲೆ

1990ರ ದಶಕದಲ್ಲಿ ಕೆನಡಾದ ‘ದಿ ಆಬ್ಜೆಕ್ಟ್ ಪೀಪಲ್’ ಕಂಪನಿ ಸ್ಮಾಲ್‌ಟಾಕ್ ಭಾಷೆಗೆ ಮಾಡಿದ ಟಾಪ್‌ಲಿಂಕ್‌ನಲ್ಲಿ ಈ ವಿಚಾರ ಚೆನ್ನಾಗಿ ಕುದುರಿತು. ಅದು ಆಬ್ಜೆಕ್ಟಿನ ಎರಡು ನಕಲು ಇಡುತ್ತಿತ್ತು: ಒಂದು ತಿದ್ದಲು, ಒಂದು ಹೋಲಿಸಲು. 2001ರಲ್ಲಿ ಗೇವಿನ್ ಕಿಂಗ್ ಹೈಬರ್ನೇಟ್ ಶುರುಮಾಡಿದರು. 2002ರಲ್ಲಿ ಮಾರ್ಟಿನ್ ಫೌಲರ್ ಉದ್ಯಮ ತಂತ್ರಾಂಶಗಳ ವಿನ್ಯಾಸ ಕುರಿತ ತಮ್ಮ ಪುಸ್ತಕದಲ್ಲಿ, ತಿದ್ದಿದ್ದನ್ನೆಲ್ಲ ಒಂದು ಕಡೆ ಕಲೆಹಾಕಿ ಒಟ್ಟಿಗೆ ಬರೆಯುವ ಕ್ರಮಕ್ಕೆ ‘ಯೂನಿಟ್ ಆಫ್ ವರ್ಕ್’ ಎಂಬ ಹೆಸರನ್ನು ನೆಲೆಗೊಳಿಸಿದರು. 2006ರಲ್ಲಿ ಜಾವಾದ ಜೆಪಿಎ ಮಾನಕ, 2008ರಲ್ಲಿ ಎಂಟಿಟಿ ಫ್ರೇಮ್‌ವರ್ಕ್, 2011ರಲ್ಲಿ ಲಾರವೆಲ್ ಬಂದವು. ದಾವಣಗೆರೆಯಲ್ಲಿ 1951ರಷ್ಟು ಹಿಂದಿನ ಬಿಡಿಟಿ ಎಂಜಿನಿಯರಿಂಗ್ ಕಾಲೇಜೂ 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜೂ ಇವೆ. ಎಲ್ಲ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಂತೆ ಇಲ್ಲಿಯವರೂ ಅಪ್‌ಡೇಟ್ ಆದೇಶವನ್ನು ಲ್ಯಾಬಿನಲ್ಲಿ ಕೈಯಾರೆ ಬರೆದೇ ಕಲಿಯುತ್ತಾರೆ. ಓಆರ್‌ಎಂ ಸಿಗುವುದು ಆಮೇಲೆ. ಆ ಸರತಿಯೇ ಒಳ್ಳೆಯದು.

ಜಿಲ್ಲೆ ಬದಲಾದಾಗ

ಗುಣ ಬದಲಾಗುವುದು ಒಂದು, ನಂಟು ಬದಲಾಗುವುದು ಇನ್ನೊಂದು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಪ್ರತಿ ರೈತರ ಸಾಲಿನಲ್ಲೂ ಜಿಲ್ಲೆಯ ಹೆಸರನ್ನು ಅಕ್ಷರಗಳಲ್ಲಿ ಬರೆದಿಟ್ಟ ಡೇಟಾಬೇಸಿನಲ್ಲಿ ಅಂದು ಇದ್ದ ಸಾಲುಗಳೆಲ್ಲ ತಿದ್ದಬೇಕಾದವು. ರೈತರು ಊರಿಗೆ, ಊರು ತಾಲ್ಲೂಕಿಗೆ, ತಾಲ್ಲೂಕು ಜಿಲ್ಲೆಗೆ ನಂಟು ಹೊಂದಿದ್ದ ಡೇಟಾಬೇಸಿನಲ್ಲಿ ಹೊಸದಾಗಿ ಸೇರಿದ್ದು ಒಂದು ಜಿಲ್ಲೆಯ ಸಾಲು, ತಿದ್ದಿದ್ದು ಆರು ತಾಲ್ಲೂಕುಗಳ ಸಾಲು ಮಾತ್ರ. ಕೊಂಡಜ್ಜಿಯ ರೈತರ ದಾಖಲೆಯನ್ನು ಯಾವ ಓಆರ್‌ಎಂ ನೋಡಿದರೂ ಏನೂ ಬದಲಾಗಿಲ್ಲ ಎನ್ನುತ್ತದೆ. ಆದರೂ ಅವರ ವಿಳಾಸ ಮುದ್ರಿಸಿದರೆ ಹೊಸ ಜಿಲ್ಲೆ ಬರುತ್ತದೆ. ಬದಲಾವಣೆ ಪತ್ತೆಯ ವ್ಯಾಪ್ತಿ ಆಬ್ಜೆಕ್ಟಿನ ಅಂಚಿಗೆ ನಿಲ್ಲುತ್ತದೆ ಎಂಬುದನ್ನು ಮರೆತು, ‘ವಿಳಾಸ ಬದಲಾದರೆ ಪತ್ರ ಕಳಿಸು’ ಎಂದು ಬರೆದ ಕೋಡು ಅಂಥ ದಿನ ಒಂದು ಪತ್ರವನ್ನೂ ಕಳಿಸುವುದಿಲ್ಲ.

ಇಂಥ ಸಗಟು ತಿದ್ದುಪಡಿಗಳನ್ನು ಸಾಮಾನ್ಯವಾಗಿ ಒಂದೇ ಎಸ್‌ಕ್ಯೂಎಲ್ ಆದೇಶದಲ್ಲಿ ಮುಗಿಸುತ್ತಾರೆ. ಅದು ಓಆರ್‌ಎಂನ ಕಣ್ಣೆದುರಿಗೆ ನಡೆಯುವುದಿಲ್ಲ. ಮೆಮೊರಿಯಲ್ಲಿ ಮೊದಲೇ ಕೂತಿದ್ದ ಆಬ್ಜೆಕ್ಟುಗಳು ಹಳೆಯ ಜಿಲ್ಲೆಯನ್ನೇ ಹೇಳುತ್ತಿರುತ್ತವೆ. ಆವೃತ್ತಿ ಸಂಖ್ಯೆಯೂ ತಾನಾಗಿ ಏರುವುದಿಲ್ಲ, ಬದಲಾವಣೆಯ ದಾಖಲೆ ಪುಸ್ತಕಕ್ಕೂ ಏನೂ ಸೇರುವುದಿಲ್ಲ.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ತಂದರು. ಬಳ್ಳಾರಿ, ಶಿವಮೊಗ್ಗ ಆ ಪಟ್ಟಿಯಲ್ಲಿದ್ದವು, ದಾವಣಗೆರೆ ಇರಲಿಲ್ಲ. ಇಂಗ್ಲಿಷ್ ಹೆಸರಿನ ಕಾಲಮ್ಮಿನಲ್ಲಿ ಅಂದು ಬಳ್ಳಾರಿಯ ಅಕ್ಷರಗಳು ಬದಲಾದವು, ಕನ್ನಡ ಹೆಸರಿನ ಕಾಲಮ್ಮಿನಲ್ಲಿ ಒಂದಕ್ಷರವೂ ಅಲುಗಲಿಲ್ಲ. ಅದೇ ಊರು, ಅದೇ ಸಾಲು, ಒಂದು ಕಾಲಂ ಮಾತ್ರ.

ಹರಪನಹಳ್ಳಿಯ ಕತೆ ಇನ್ನೂ ಉದ್ದ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಬಂದ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. 1997ರ ಆರಂಭದ ಪ್ರತಿಯನ್ನೂ 2018ರ ಕೊನೆಯ ಪ್ರತಿಯನ್ನೂ ಎದುರು ಬದುರು ಇಟ್ಟರೆ ಎರಡರಲ್ಲೂ ಬಳ್ಳಾರಿ. ಬದಲಾವಣೆ ಇಲ್ಲ ಎಂಬುದು ಹೋಲಿಕೆಯ ಉತ್ತರ, ನಡುವಿನ ಇಪ್ಪತ್ತೊಂದು ವರ್ಷ ಅದಕ್ಕೆ ಕಾಣುವುದಿಲ್ಲ. ಆ ವರ್ಷಗಳು ಬೇಕಿದ್ದರೆ ಪ್ರತಿ ಬದಲಾವಣೆಗೂ ‘ಇಂಥ ದಿನದಿಂದ, ಇಂಥ ದಿನದವರೆಗೆ’ ಎಂಬ ಎರಡು ದಿನಾಂಕಗಳ ಸಾಲೊಂದನ್ನು ಬೇರೆ ಟೇಬಲ್ಲಿಗೆ ಬರೆಯಬೇಕು. ಎಸ್‌ಕ್ಯೂಎಲ್ ಮಾನಕದ 2011ರ ಆವೃತ್ತಿ ಕಾಲಬದ್ಧ ಟೇಬಲ್ಲುಗಳಿಗೆ ಜಾಗ ಮಾಡಿಕೊಟ್ಟಿತು. ಹೈಬರ್ನೇಟಿನ ಎನ್ವರ್ಸ್ ಎಂಬ ಜೊತೆಗಾರ, ಬದಲಾವಣೆ ಪತ್ತೆಗೆ ಸಿಕ್ಕ ಪ್ರತಿ ತಿದ್ದುಪಡಿಗೂ ರಿವಿಜನ್ ಸಂಖ್ಯೆ ಹಚ್ಚಿ ಎತ್ತಿಡುತ್ತದೆ. ಹಾಗೆ ಇಟ್ಟ ಟೇಬಲ್ಲಿನಲ್ಲಿ ಹರಪನಹಳ್ಳಿಗೆ ನಾಲ್ಕು ಸಾಲುಗಳಿರುತ್ತವೆ, ಹರಿಹರಕ್ಕೆ ಎರಡು.